ಅರವತ್ತು ಕ್ಲಿಕ್ ಮೇಲೆ, ಅರವತ್ತು ಕ್ಲಿಕ್ ಕೆಳಗೆ

ಡಂಬಳದ ಹತ್ತಿರ ನಮ್ಮ ಮಾವನವರ ಹೊಲ. ಕಡಲೆ ಕಿತ್ತಾದ ಮೇಲೆ ಎರಿ ಭೂಮಿ ಖಾಲಿ ಬಿದ್ದಿರುತ್ತದೆ. ಎದುರಿಗೆ ಕಪ್ಪತಗುಡ್ಡ ಮತ್ತು ಅದರ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು. ಗುಡ್ಡ ಅಭಯಾರಣ್ಯ, ಆ ಕಡೆ ರೈಫಲ್ ಹಿಡಿದು ಹೋಗುವ ಮಾತೇ ಇಲ್ಲ. ನಮ್ಮ ಹೊಲದ ಎತ್ತರದ ಒಡ್ಡಿಗೆ ಮರಳು ಚೀಲ ಪೇರಿಸಿ, ಅದರ ಮುಂದೆ ರಟ್ಟು ನಿಲ್ಲಿಸಿ, 50 ಮೀಟರ್ ಟೇಪು ಹಿಡಿದು ಅಳೆದುಕೊಂಡು ಹೊಡೆಯುತ್ತೇನೆ.

ನನ್ನದು .177 ಬೋರಿನ ಸ್ಪ್ರಿಂಗ್ ಏರ್ ರೈಫಲ್. ಪೆಲೆಟ್ (ಸೀಸದ ಚಿಕ್ಕ ಗುಂಡು) ನಳಿಕೆ ಬಿಡುವಾಗಿನ ಶಕ್ತಿ 20 ಜೂಲ್ ದಾಟದ್ದು, ಹಾಗಾಗಿ ಲೈಸೆನ್ಸ್ ಬೇಕಿಲ್ಲ. ಅರ್ಧ ಗ್ರಾಮಿನ ಪೆಲೆಟ್‌ಗೆ 50 ಮೀಟರ್ ಅಂದರೆ ಬಹಳ ದೂರ. 25 ಮೀಟರಿಗೆ ಝೀರೋ ಮಾಡಿಟ್ಟರೆ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಬೀಳುವಂತೆ ಹೊಂದಿಸಿಟ್ಟರೆ, 50ಕ್ಕೆ ಮುಟ್ಟುವಷ್ಟರಲ್ಲಿ ನನ್ನ ಪೆಲೆಟ್ ಸುಮಾರು 10 ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಆ ಇಳಿತವನ್ನು ಸ್ಕೋಪಿನ (ರೈಫಲ್ ಮೇಲಿನ ದುರ್ಬೀನು) ಟರೆಟ್, ಅಂದರೆ ಕ್ಲಿಕ್ ಕ್ಲಿಕ್ ಅಂತ ತಿರುಗುವ ಗುಬ್ಬಿ, ತಿರುವಿ ತುಂಬಿಕೊಡಬೇಕು. ಅಲ್ಲಿಂದಲೇ ನನ್ನ ತಾಪತ್ರಯ ಶುರುವಾಗಿದ್ದು.

ಮೊದಲನೆಯ ಸ್ಕೋಪನ್ನು ಅಂಗಡಿಯವರ ಮಾತು ನಂಬಿ ತಂದೆ. 24 ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದೇ ದೊಡ್ಡ ಆಕರ್ಷಣೆ. ನಾಲ್ಕೇ ತಿಂಗಳಿಗೆ ಒಳಗಿನ ಅಡ್ಡಗೆರೆ ವಾಲಿತು. ಸ್ಪ್ರಿಂಗ್ ರೈಫಲ್ ಎರಡು ಕಡೆ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿಗೆ ಹೋಗಿ ನಿಂತಾಗ ಮುಂದಕ್ಕೆ. ಹಿಂದಕ್ಕೆ ಒದೆಯುವ ದೊಡ್ಡ ರೈಫಲ್‌ಗೆಂದು ಮಾಡಿದ ಸ್ಕೋಪು ಈ ಮುಂದಿನ ಎಳೆತಕ್ಕೆ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಈ ಮಾತನ್ನು ಮಾರಿದವರು ಹೇಳಬೇಕಿತ್ತು. ಕೇಳಲು ಹೋದರೆ ನೀವೇ ಕೆಡವಿದ್ದೀರಿ ಅಂದರು. ಆ ಬೇಜಾರು ಇನ್ನೂ ಹೋಗಿಲ್ಲ.

ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಹ್ಯಾಂಡಲ್ ತಿರುವಿದಾಗ ಡಯಲ್ ಗೆರೆ ಮುಂದೆ ಹೋಗಿ ಟೂಲ್ ಮಾತ್ರ ನಿಂತಲ್ಲೇ ನಿಂತರೆ ಅದಕ್ಕೆ ಬ್ಯಾಕ್‌ಲ್ಯಾಶ್ ಅಂತೀವಿ. ಸ್ಕೋಪಿನ ಟರೆಟ್ ಕೂಡ ಒಂದು ಸ್ಕ್ರೂ ತಾನೆ? ಹಾಗಾದರೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸ್ಕ್ರೂವನ್ನು, ಆಮೇಲೆ ಗಾಜನ್ನು.

ಹಳೆಯದನ್ನು ಕೆಡುವ ಮುಂಚೆ ಒಮ್ಮೆ ಪರೀಕ್ಷಿಸಿದ್ದೆ. 25 ಮೀಟರಿನಲ್ಲಿ ಉದ್ದನೆಯ ರಟ್ಟು, ಅದರ ಮೇಲೆ ತೂಗುಗುಂಡು ಇಳಿಬಿಟ್ಟು ಎಳೆದ ನೇರ ಗೆರೆ. ಐದು ಹೊಡೆತ, ಅರವತ್ತು ಕ್ಲಿಕ್ ಮೇಲೆ, ಮತ್ತೆ ಐದು, ಅರವತ್ತು ಕ್ಲಿಕ್ ಕೆಳಗೆ, ಮತ್ತೆ ಐದು, ಎಲ್ಲಕ್ಕೂ ಗುರಿ ಒಂದೇ ಚುಕ್ಕೆ. ಕ್ಲಿಕ್ಕಿಗೆ ಕಾಲು ಎಂಓಎ (ಒಂದು ಎಂಓಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಲೆಕ್ಕದಲ್ಲಿ ಸುಮಾರು 10.9 ಸೆಂಟಿಮೀಟರ್ ಏರಬೇಕಿತ್ತು, ಏರಿದ್ದು 9.5. ವಾಪಸ್ ತಂದಾಗ ಮೊದಲಿನ ಜಾಗಕ್ಕಿಂತ ಎರಡು ಸೆಂಟಿಮೀಟರ್ ಮೇಲೆಯೇ ಉಳಿಯಿತು. ಅದರ ಜೊತೆಗೆ ಒಳಗಿನ ಅಡ್ಡಗೆರೆಯ ಚುಕ್ಕೆಗಳು ಮಿಲ್ ಅನ್ನುವ ಇನ್ನೊಂದು ಕೋನದ ಅಳತೆಯವು, ಟರೆಟ್ ಎಂಓಎ ಅಳತೆಯದು. ಒಂದು ಮಿಲ್ ಅಂದರೆ 3.44 ಎಂಓಎ, ಹದಿನಾಲ್ಕು ಕ್ಲಿಕ್ಕಿನ ಹತ್ತಿರ. ಉಸಿರು ಬಿಗಿಹಿಡಿದು ಮಲಗಿದ ಮನುಷ್ಯ ಈ ಗುಣಾಕಾರ ಮಾಡುತ್ತ ಕೂರಬೇಕೆ?

ಈಗಿನದು 4-16 ಪಟ್ಟು, 44 ಮಿಲಿಮೀಟರ್ ಗಾಜು, ಸ್ಪ್ರಿಂಗ್ ರೈಫಲ್ ಒದೆತ ತಡೆಯುತ್ತದೆಂದು ಬರೆದುಕೊಟ್ಟದ್ದು. ಗೆರೆಯೂ ಟರೆಟ್ಟೂ ಮಿಲ್. ಕ್ಲಿಕ್ಕಿಗೆ 0.1 ಮಿಲ್, ಅಂದರೆ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್, 50ರಲ್ಲಿ ಅರ್ಧ. ಆ 10 ಸೆಂಟಿಮೀಟರ್ ಇಳಿತಕ್ಕೆ ಇಪ್ಪತ್ತು ಕ್ಲಿಕ್, ಲೆಕ್ಕ ಮುಗೀತು. ಗೆರೆ ಮೊದಲ ಫೋಕಲ್ ಪ್ಲೇನಿನಲ್ಲಿದ್ದು ಚಿತ್ರದ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ಎಷ್ಟು ಪಟ್ಟಿಗೆ ಇಟ್ಟರೂ ಅಳತೆ ಬದಲಾಗದು. ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗೆರೆ ಗುರಿಯ ಮೇಲೆ ಸರಿದಂತೆ ಕಾಣುವ ದೋಷ, ಬರದಂತೆ 10 ಮೀಟರಿನಿಂದ ಹೊಂದಿಸಬಹುದು. ದೊಡ್ಡ ರೈಫಲ್ ಸ್ಕೋಪುಗಳಲ್ಲಿ ಅದನ್ನು 100 ಗಜಕ್ಕೆ ಕೂಡಿಸಿಬಿಟ್ಟಿರುವುದು ಸಾಮಾನ್ಯ. ರೈಫಲ್ ಅಲುಗದಂತೆ ಚೀಲದ ಮೇಲಿಟ್ಟು ತಲೆ ಮಾತ್ರ ಆಚೀಚೆ ಆಡಿಸಿ ನೋಡಿ, ಅಡ್ಡಗೆರೆ ಗುರಿಯ ಮೇಲೆ ಈಜಿದರೆ ಇನ್ನೂ ಹೊಂದಿಲ್ಲ.

"ಹದಿನಾರs ಪಟ್ಟ? ಹಳೇದು ಇಪ್ಪತ್ನಾಕಿತ್ತಲ್ಲೋ, ರೊಕ್ಕ ಹೆಚ್ಚು ಕೊಟ್ಟು ಕಡಿಮಿ ತಂದಿ" ಅಂದ ನಮ್ಮ ಅಳಿಯ. ಫೆಬ್ರವರಿಯ ಒಂದು ದಿನ ಹತ್ತು ಗಂಟೆಗೆ ಅವನನ್ನೇ ಮಲಗಿಸಿ ತೋರಿಸಿದೆ. ಕರಿಮಣ್ಣು ಕಾದು ಬಿಸಿಲುಗುದುರೆ ಎದ್ದಿತ್ತು. 16ಕ್ಕೆ ಏರಿಸಿದರೆ ಕರಿ ಚುಕ್ಕೆ ನೀರಿನ ತಳದ ಕಲ್ಲಿನ ಹಾಗೆ ನಡುಗುತ್ತದೆ, 10ಕ್ಕೆ ಇಳಿಸಿದರೆ ಅಂಚು ನಿಲ್ಲುತ್ತದೆ. ನಸುಕಿನಲ್ಲಿ ಇನ್ನೊಂದು ಲೆಕ್ಕ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಅಗಲ. 50ರ ಗಾಜು 24 ಪಟ್ಟಿನಲ್ಲಿ ಎರಡೇ ಮಿಲಿಮೀಟರ್ ಕೊಡುತ್ತದೆ, ಚಿತ್ರ ಮಬ್ಬು. 44ರದ್ದು 10 ಪಟ್ಟಿನಲ್ಲಿ 4.4.

ಕೂಡಿಸುವಾಗ ಅವಸರ ಮಾಡಲಿಲ್ಲ. ಸ್ಕೋಪನ್ನು ರೈಫಲಿಗೆ ಹಿಡಿದಿಡುವ ರಿಂಗುಗಳ ಒಳಗೆ ಮಾರ್ಕಿಂಗ್ ಬ್ಲೂ (ತಾಗಿದಲ್ಲಿ ಗುರುತು ಬಿಡುವ ನೀಲಿ ಬಣ್ಣ) ಸವರಿ ಟ್ಯೂಬ್ ಇಟ್ಟು ಎತ್ತಿದೆ. ಹಿಂದಿನ ರಿಂಗಿನಲ್ಲಿ ಒಂದೇ ಅಂಚು ನೀಲಿ ಬಿಟ್ಟಿತ್ತು, ಅಂದರೆ ಅಲ್ಲಷ್ಟೇ ಕಚ್ಚುತ್ತಿತ್ತು. ಲ್ಯಾಪಿಂಗ್ ಪೇಸ್ಟ್ ಹಚ್ಚಿ ಸಂಜೆಪೂರ್ತಿ ತಿಕ್ಕಿದ ಮೇಲೆ ನೀಲಿ ಸಮನಾಗಿ ಹರಡಿತು. ರಿಂಗು ಜಾರದಂತೆ ಹಿಂದೆ ಸ್ಟಾಪ್ ಪಿನ್, ಸ್ಕ್ರೂಗಳಿಗೆ 2 ನ್ಯೂಟನ್ ಮೀಟರ್, ಅದಕ್ಕಿಂತ ಹೆಚ್ಚಿಲ್ಲ.

ಮತ್ತೆ ಅದೇ ರಟ್ಟು, ಅದೇ ತೂಗುಗುಂಡು. ಅರವತ್ತು ಕ್ಲಿಕ್, ಅಂದರೆ 6 ಮಿಲ್‌ಗೆ 15 ಸೆಂಟಿಮೀಟರ್ ಆಗಬೇಕು, ಸ್ಟೀಲ್ ಸ್ಕೇಲ್ ಇಟ್ಟರೆ 15. ಕೆಳಗೆ ತಂದ ಐದೂ ಪೆಲೆಟ್ ಮೊದಲಿನ ತೂತಿನಲ್ಲೇ ಸೇರಿಕೊಂಡವು. ಆ ರಟ್ಟನ್ನು ತಂದು ಲೇತಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ.

ಗಾಳಿಗೆ ಮಾತ್ರ ಟರೆಟ್ ಮುಟ್ಟುವುದಿಲ್ಲ, ಗೆರೆಯ ಮೇಲಿನ ಗುರುತು ಹಿಡಿದೇ ಹೊಡೆಯುತ್ತೇನೆ. ಗುಡ್ಡದ ಮೇಲಿನ ಯಂತ್ರ ತಿರುಗುವುದನ್ನು ನೋಡಿ ಮೊದಮೊದಲು ಅಂದಾಜು ಕಟ್ಟುತ್ತಿದ್ದೆ. ಅಲ್ಲಿ ರೆಕ್ಕೆ ಜೋರು ತಿರುಗುವಾಗಲೂ ಹೊಲದ ತಗ್ಗಿನಲ್ಲಿ ಗಾಳಿ ಸತ್ತಿರುತ್ತದೆ. ಈಗ 25 ಮೀಟರಿನಲ್ಲಿ ಒಂದು ಹತ್ತಿಕಟ್ಟಿಗೆ ಊರಿ ಉಣ್ಣೆಯ ಎಳೆ ಕಟ್ಟಿದ್ದೇನೆ. ಎಳೆ ಇಳಿದು ಕಟ್ಟಿಗೆಗೆ ಅಂಟಿದಾಗ ಟ್ರಿಗರ್ ಒತ್ತುತ್ತೇನೆ.