ಸುಮ್ಮನಾಗಿಸಿದ ಟೆಸ್ಟಿಗೂ ವಾಯಿದೆ ಬೇಕು

"ರೀ-ರನ್ ಕೊಡಿ, ಹಸಿರಾಗುತ್ತೆ." ನಮ್ಮ ಸಾಫ್ಟ್‌ವೇರ್ ತಂಡಕ್ಕೆ ಸೇರಿದ ಹೊಸಬರು ಮೊದಲ ವಾರದಲ್ಲೇ ಕಲಿಯುತ್ತಿದ್ದ ಪಾಠ ಇದು: ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ ಟೆಸ್ಟ್ ಫೇಲ್ ಆಗಿ ಕೆಂಪು ತೋರಿಸಿದರೆ, ಮತ್ತೊಮ್ಮೆ ಓಡಿಸಿ ಪಾಸಿನ ಹಸಿರು ಬರಿಸುವುದು. ಹಸಿರೂ ಆಗುತ್ತಿತ್ತು. ಕೋಡ್‌ನಲ್ಲಿ ಒಂದಕ್ಷರ ಬದಲಾಗದೆ ಕೆಂಪು ಹಸಿರಾಗುವುದನ್ನು ನೋಡಿ ನೋಡಿ, ಕೊನೆಗೆ ಕೆಂಪು ಬಂದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ರೀ-ರನ್ನಿಗೂ ಬಗ್ಗದ ಟೆಸ್ಟಿನ ಮೇಲೆ ಒಂದು ಡಿಸೇಬಲ್ಡ್ ಅನೊಟೇಶನ್ (ಇದನ್ನು ಓಡಿಸಬೇಡ ಎನ್ನುವ ಗುರುತು) ಹಾಕಿ, ಕೋಡನ್ನು ಮುಖ್ಯ ಪ್ರತಿಗೆ ಮರ್ಜ್ ಮಾಡಿಬಿಡುವುದು. ಯಾಕೆ ಹಾಕಿದರು, ಯಾವಾಗ ತೆಗೆಯುತ್ತಾರೆ, ಏನೂ ಬರೆದಿರುವುದಿಲ್ಲ. ಜಾವಾ ಟೆಸ್ಟ್ ಬರೆಯುವ ಸಾಧನವಾದ ಜೆಯುನಿಟ್ 5ರಲ್ಲಿ ಕಾರಣ ಬರೆಯಲು ಜಾಗವಿದೆ, ಬರೆಯಲೇಬೇಕೆಂಬ ಕಟ್ಟುಪಾಡಿಲ್ಲ.

ಹಾಗೆ ಬಾಯಿ ಮುಚ್ಚಿಸಿದ ಒಂದು ಟೆಸ್ಟಿನ ವಿಷಯ ಹೇಳಲೇಬೇಕು. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಹೊಸ ಇನ್‌ವಾಯ್ಸ್ ಮೇಲೆ ಇವತ್ತಿನ ತಾರೀಖು ಬಂದಿದೆಯೇ ಎಂದು ನೋಡುವ ಪುಟ್ಟ ಟೆಸ್ಟ್ ಅದು. ಎಲ್ಲರ ಕೋಡನ್ನು ಜೋಡಿಸಿ ಟೆಸ್ಟ್ ಓಡಿಸುವ ಬಿಲ್ಡ್ ಸರ್ವರ್‌ನಲ್ಲಿ ಯಾವಾಗಲೂ ಪಾಸ್. ನಮ್ಮ ಲ್ಯಾಪ್‌ಟಾಪ್‌ಗಳಲ್ಲೂ ಹಗಲೆಲ್ಲ ಪಾಸ್. ಅಮೆರಿಕದ ತಂಡದ ಜೊತೆ ಕಾಲ್ ಮುಗಿಸಿ ಮಧ್ಯರಾತ್ರಿಯ ಮೇಲೆ ಕೋಡ್ ಬರೆಯುವ ಒಬ್ಬ ಸಹೋದ್ಯೋಗಿಗೆ ಮಾತ್ರ ಫೇಲ್. ಬೆಳಿಗ್ಗೆ ನಾವು ಓಡಿಸಿದರೆ ಸರಿಯಾಗಿರುತ್ತಿತ್ತು, ಹಾಗಾಗಿ ಫ್ಲೇಕಿ (ಕೋಡ್ ಬದಲಾಗದೆಯೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವಂಥದ್ದು) ಎಂದು ಪಕ್ಕಕ್ಕಿಟ್ಟಿದ್ದರು.

ಅನೊಟೇಶನ್ ತೆಗೆದು, ಲ್ಯಾಪ್‌ಟಾಪಿನ ಗಡಿಯಾರವನ್ನು ರಾತ್ರಿ ಒಂದು ಗಂಟೆಗೆ ತಿರುಗಿಸಿ ಓಡಿಸಿದೆ. ಪ್ರತಿ ಸಲವೂ ಫೇಲ್. ಬೆಳಗಿನ ಆರಕ್ಕೆ ತಿರುಗಿಸಿದೆ, ಪಾಸ್. ಇನ್‌ವಾಯ್ಸ್ ಕೋಡ್ ತಾರೀಖನ್ನು ಯುಟಿಸಿ (ಜಗತ್ತಿಗೆಲ್ಲ ಸಾಮಾನ್ಯವಾದ ಸಮಯ) ಲೆಕ್ಕದಲ್ಲಿ ಹಾಕುತ್ತಿತ್ತು, ಟೆಸ್ಟ್ ಮಾತ್ರ ಯಂತ್ರದ ಸ್ಥಳೀಯ ಸಮಯ ನೋಡುತ್ತಿತ್ತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ರಾತ್ರಿ 12ರಿಂದ ಬೆಳಗಿನ 5.30ರವರೆಗೆ ಅಲ್ಲಿ ಇನ್ನೂ ನಿನ್ನೆಯೇ ನಡೆದಿರುತ್ತದೆ. ಸರ್ವರ್ ತಾನೇ ಯುಟಿಸಿಯಲ್ಲಿದ್ದುದರಿಂದ ಅದಕ್ಕೆ ವ್ಯತ್ಯಾಸ ಕಾಣಲೇ ಇಲ್ಲ. ಟೆಸ್ಟ್ ನಿಜವನ್ನೇ ಹೇಳುತ್ತಿತ್ತು! ಏಪ್ರಿಲ್ 1ರ ಬೆಳಗಿನ ಜಾವ ಯಾರಾದರೂ ಬಿಲ್ ಮಾಡಿದ್ದರೆ ಅದಕ್ಕೆ ಮಾರ್ಚ್ 31ರ ತಾರೀಖು ಬಿದ್ದು, ಹಿಂದಿನ ಹಣಕಾಸು ವರ್ಷಕ್ಕೆ ಸೇರಿಹೋಗುತ್ತಿತ್ತು. ಜಿಎಸ್‌ಟಿ ಲೆಕ್ಕವೂ ಬೇರೆ ತಿಂಗಳಿಗೆ ಹೋಗುತ್ತಿತ್ತು. ಈಗ ಆ ಕೋಡ್‌ಗೆ ಕ್ಲಾಕ್ ಅನ್ನು, ಅಂದರೆ ಈಗ ಎಷ್ಟು ಹೊತ್ತು ಎಂಬುದನ್ನು, ಹೊರಗಿನಿಂದ ಕೊಡುತ್ತೇವೆ, ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಎಂದು ಬರೆದಿದ್ದೇವೆ, ಟೆಸ್ಟ್ ಯಾವಾಗ ಓಡಿಸಿದರೂ ಅದರ ಕ್ಲಾಕ್ ಏಪ್ರಿಲ್ 1ರ ರಾತ್ರಿ ಒಂದು ಗಂಟೆಯನ್ನೇ ತೋರಿಸುತ್ತದೆ.

ದೊಡ್ಡ ಕಂಪನಿಗಳಲ್ಲೂ ಈ ಕಾಟ ಇದ್ದೇ ಇದೆ. ಗೂಗಲ್‌ನವರು 2016ರಲ್ಲಿ ಬರೆದಂತೆ ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟಿಗೆ ಫ್ಲೇಕಿ. ಪಾಸ್ ಆಗುತ್ತಿದ್ದದ್ದು ಫೇಲ್ ಆದ ಸಂದರ್ಭಗಳಲ್ಲಿ 84%ರಲ್ಲಿ ಫ್ಲೇಕಿ ಟೆಸ್ಟಿನ ಕೈವಾಡವಿತ್ತು. ಇಂಥ ಅಂಕಿ ನೋಡಿದಾಗ ರೀ-ರನ್ ಒತ್ತುವ ಅಭ್ಯಾಸ ಸಹಜ ಅನ್ನಿಸುತ್ತದೆ. ಆದರೂ ನಾನು ಒಪ್ಪುವುದಿಲ್ಲ, ಏಕೆಂದರೆ ಕಾರಣಗಳು ಹುಡುಕಿದರೆ ಸಿಗುವಂಥವು. ಇಲಿನಾಯ್ ವಿಶ್ವವಿದ್ಯಾಲಯದವರು ಅಪಾಚೆ ಸಂಸ್ಥೆಯ ಮುಕ್ತ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಸಿಂಕ್ (ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ನಡೆಯುವ) ಕೆಲಸ ಮುಗಿಯುವವರೆಗೆ ಸರಿಯಾಗಿ ಕಾಯದಿರುವುದೇ ಅತಿ ದೊಡ್ಡ ಕಾರಣ. ಆಮೇಲೆ ಏಕಕಾಲಕ್ಕೆ ಓಡುವ ಥ್ರೆಡ್‌ಗಳ ಜಗಳ, ಆಮೇಲೆ ಟೆಸ್ಟ್‌ಗಳು ಓಡುವ ಕ್ರಮ. ಎರಡು ಸೆಕೆಂಡ್ ಸುಮ್ಮನೆ ಕಾಯುವ ಸ್ಲೀಪ್ ಹಾಕಿದ ಕಡೆಯೆಲ್ಲ ಅವೈಟಿಲಿಟಿ ಎಂಬ ಲೈಬ್ರರಿ ಬಳಸಿ, ಬೇಕಾದ ಸ್ಥಿತಿ ಬರುವವರೆಗೆ ಕಾಯುವಂತೆ ಬದಲಾಯಿಸಿದ್ದಕ್ಕೇ ನಮ್ಮ ಗೋಳು ಎಷ್ಟೋ ಇಳಿಯಿತು.

ತಂಡದಲ್ಲಿ ನಾನು ಹಟ ಹಿಡಿದು ತಂದ ನಿಯಮ ಒಂದೇ: ಟೆಸ್ಟನ್ನು ಸುಮ್ಮನಾಗಿಸುವವರು ಕಾರಣ, ಟಿಕೆಟ್ (ಬಾಕಿ ಕೆಲಸದ ದಾಖಲೆ) ನಂಬರ್, ತಮ್ಮ ಹೆಸರು ಮತ್ತು ವಾಯಿದೆ ಬರೆಯಬೇಕು. ಜೆಯುನಿಟ್‌ನ ವಿಸ್ತರಣೆಯಾದ ಜೆಯುನಿಟ್ ಪಯೊನೀರ್‌ನಲ್ಲಿ ಡಿಸೇಬಲ್ಡ್‌ಅಂಟಿಲ್ ಅನ್ನುವ ಅನೊಟೇಶನ್ ಇದೆ. ಕೊಟ್ಟ ತಾರೀಖು ಬಂದ ಕೂಡಲೇ ಟೆಸ್ಟ್ ತಾನಾಗಿ ಮತ್ತೆ ಓಡುತ್ತದೆ. ಪೈಥಾನ್ ಕಡೆಯವರಿಗೆ ಪೈಟೆಸ್ಟ್ ಎಂಬ ಸಾಧನದಲ್ಲಿ ಎಕ್ಸ್‌ಫೇಲ್ ಇದೆ, ಈ ಟೆಸ್ಟ್ ಫೇಲ್ ಆಗುವುದು ಗೊತ್ತೇ ಇದೆ ಎನ್ನುವ ಗುರುತು. ಸದಾ ಫೇಲ್ ಆಗುವ ಟೆಸ್ಟಿಗೆ ಅದನ್ನು ಸ್ಟ್ರಿಕ್ಟ್ ಆಗಿ ಹಾಕಿದರೆ, ಯಾರೋ ದೋಷ ಸರಿಪಡಿಸಿದ ದಿನ ಆ ಪಾಸನ್ನು ಫೇಲ್ ಎಂದೇ ಎಣಿಸಿ ಅದೇ ಕೂಗಿ ಹೇಳುತ್ತದೆ. ಫ್ಲೇಕಿ ಟೆಸ್ಟಿಗೆ ಮಾತ್ರ ಸ್ಟ್ರಿಕ್ಟ್ ಹಾಕಬೇಡಿ, ಅದು ಇನ್ನೊಂದು ತಲೆನೋವು. ರೀ-ರನ್ ಬೇಕೇ ಬೇಕೆನ್ನುವವರಿಗೆ ಜಾವಾ ಟೆಸ್ಟ್‌ಗಳನ್ನು ಓಡಿಸುವ ಮೇವನ್ ಷೂರ್‌ಫೈರ್‌ನಲ್ಲಿ ಆ ಸೌಲಭ್ಯವಿದೆ. ಎರಡನೇ ಸಲ ಪಾಸಾದದ್ದನ್ನು ರಿಪೋರ್ಟಿನಲ್ಲಿ ಫ್ಲೇಕ್ ಎಂದು ಬೇರೆಯಾಗಿ ತೋರಿಸುತ್ತದೆ. ದಯವಿಟ್ಟು ಆ ಸಾಲನ್ನು ಓದಿ.

ವಾಯಿದೆ ಮುಗಿದರೂ ಯಾರೂ ಕೈಹಾಕದಿದ್ದರೆ? ಮೀಟಿಂಗಿನಲ್ಲಿ ಆ ಟೆಸ್ಟನ್ನು ತೆರೆದು ಎಲ್ಲರೂ ಒಟ್ಟಿಗೆ ಓದುತ್ತೇವೆ. ಅದು ಏನನ್ನು ಕಾಪಾಡುತ್ತಿದೆ ಎಂದು ಒಬ್ಬರಿಗೂ ಹೇಳಲಾಗದಿದ್ದರೆ ಅಳಿಸುತ್ತೇವೆ. ಬೇಕಾದಾಗ ಕೋಡಿನ ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಸಿಗುತ್ತದೆ. ಹೇಳಲು ಬಂದರೆ, ಹೇಳಿದವರ ಹೆಸರಿಗೇ ಟಿಕೆಟ್ ಹೋಗುತ್ತದೆ, ಆ ಸ್ಪ್ರಿಂಟ್‌ನಲ್ಲೇ, ಅಂದರೆ ಕೆಲಸದ ಅದೇ ಸುತ್ತಿನಲ್ಲೇ.