ಇಲ್ಲ, ಅವಳಿಗೆ ಇನ್ನೊಂದು ಮದುವೆ ಮಾಡಿಸಲ್ಲ

ನನ್ನ ಪತ್ತೇದಾರಿ ಕಾದಂಬರಿ ಓದಿದವರು, ಓದದವರು, ಎಲ್ಲರೂ ಕೇಳುವುದು ಒಂದೇ. "ಪಾಪ, ಆ ವಿಧವೆಗೆ ಮುಂದಿನ ಪುಸ್ತಕದಲ್ಲಾದ್ರೂ ಮದುವೆ ಮಾಡಿಸ್ತೀರಾ?" ಹೇಳಿ ಹೇಳಿ ಬಾಯಿ ಸೋತಿದೆ. ಬರೆದೇ ಬಿಡುತ್ತೇನೆ.

ಆ "ಪಾಪ" ಇದೆಯಲ್ಲ, ನನಗೆ ಮೈ ಉರಿಯುವುದೇ ಅದಕ್ಕೆ. ಹೋದ ತಿಂಗಳು ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ಳುತ್ತಾ ಇದನ್ನೇ ಕೇಳಿದರು. "ಯಾವಾಗ್ಲೂ ಅಳ್ತಾನೇ ಇರ್ತಾಳಲ್ಲ ಮೇಡಂ" ಅಂತ ಬೇರೆ. ಮನೆಗೆ ಬಂದವಳೇ ಪುಸ್ತಕ ತಿರುವಿ ಹಾಕಿದೆ. ಅವಳು ಅಳುವುದು ಒಂದೇ ಒಂದು ಸಲ. ಅದೂ ಈರುಳ್ಳಿ ಹೆಚ್ಚುವಾಗ.

"ಇದು ನಿಮ್ಮದೇ ಕಥೇನಾ?" ಅಂತಲೂ ಕೇಳುತ್ತಾರೆ. ನನ್ನ ಗಂಡ ಗಟ್ಟಿಮುಟ್ಟಾಗಿದ್ದಾರೆ. ಈಗಷ್ಟೇ ಎರಡನೇ ಕಾಫಿ ಕೇಳಿದರು.

ಕಥೆ ಇಷ್ಟು. 1939ರ ಆಗಸ್ಟ್, ಬೆಂಗಳೂರು ಪೇಟೆ. ಅವಳ ಗಂಡ ಮೈಸೂರು ಲಾನ್ಸರ್ಸ್ ಕುದುರೆ ಪಡೆಯವನು. 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ ತುರ್ಕರಿಂದ ಹೈಫಾ ಪಟ್ಟಣ ಗೆದ್ದ ದಿನವೇ ಸತ್ತ. ಆಗ ಅವಳಿಗೆ 17, ಈಗ 38. ದರ್ಜಿಯೊಬ್ಬನಿಗೆ ಕಾಜ ಹಾಕಿ, ಗುಂಡಿ ಹೊಲಿದು ಕೊಟ್ಟು ಬದುಕುತ್ತಾಳೆ. ಇನ್ನೊಂದು ಯುದ್ಧ ಬರುತ್ತಂತೆ ಅಂತ ಬೀದಿ ಹುಡುಗರಿಗೆ ಹುರುಪು. ಅವಳು ಸೂಜಿಗೆ ದಾರ ಪೋಣಿಸುತ್ತಾ ಸುಮ್ಮನಿರುತ್ತಾಳೆ.

ಒಬ್ಬರಾದರೂ ಇದನ್ನು ಕೇಳಬಾರದಾ: ಕೊಲೆಯಾದವನು ಪೇಟೆಯವನು, ಹೆಣ ಸಿಕ್ಕಿದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಹಾಗಾದರೆ ಕೇಸು ಯಾರದು? 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಬಂತು. ದಂಡು ಮಾತ್ರ 1947ರವರೆಗೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಕಬ್ಬನ್ ಪಾರ್ಕಿನ ಆ ಕಡೆ ಒಂದು ಆಡಳಿತ, ಈ ಕಡೆ ಇನ್ನೊಂದು. ಪೊಲೀಸರೂ ಬೇರೆ ಬೇರೆ. ಕೊಲೆ ಮುಚ್ಚಿಹಾಕೋಕೆ ಇದಕ್ಕಿಂತ ಒಳ್ಳೆ ಊರು ಬೇಕಾ? ಪೇಟೆಯ ಪೇದೆ ಸುಮ್ನೆ ದಂಡಿಗೆ ನುಗ್ಗಿ ವಿಚಾರಿಸುವ ಹಾಗಿಲ್ಲ. ಆದರೆ ಬಟ್ಟೆಗಂಟು ಹೊತ್ತ ವಿಧವೆಯನ್ನು ಯಾರು ತಡೀತಾರೆ? ಬಂಗಲೆಗಳ ಹಿತ್ತಲ ಬಾಗಿಲು ಅವಳಿಗೆ ತೆರೆದೇ ಇರುತ್ತದೆ. ಸತ್ತವನ ಕೋಟಿನ ಕಾಜ ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಅದು ತನ್ನದೇ ಕೈಕೆಲಸ. ಆದರೆ ಆ ಕೋಟು ಹೊಲಿದದ್ದು ಅವನಿಗಲ್ಲ.

ಇದನ್ನು ಬರೆಯೋಕೆ ನಾನು ಟೈಲರ್ ಅಂಗಡಿಯಲ್ಲಿ ಕೂತು ಕಾಜ ಹಾಕೋದು ಕಲಿತೆ. ಹೆಬ್ಬೆರಳೆಲ್ಲ ತೂತು. ಅದನ್ನು ಯಾರೂ ಕೇಳಲ್ಲ. ಮದುವೆಯಂತೆ ಮದುವೆ!

ಸೆಪ್ಟೆಂಬರ್ 3ರಂದು ವೈಸ್‌ರಾಯ್ ಇಲ್ಲಿಯ ನಾಯಕರನ್ನು ಒಂದು ಮಾತೂ ಕೇಳದೆ, ಇಂಡಿಯಾ ಯುದ್ಧದಲ್ಲಿದೆ ಅಂತ ಸಾರಿದರು. ಎರಡನೇ ಪುಸ್ತಕ ಅಲ್ಲಿಂದ ಶುರು. ದರ್ಜಿ ರಾಶಿ ಖಾಕಿ ಬಟ್ಟೆ ತಂದು ಅವಳ ಜಗುಲಿ ಮೇಲೆ ಸುರಿಯುತ್ತಾನೆ. ಅಷ್ಟಕ್ಕೂ ಕಾಜ ಹಾಕಬೇಕು. ವರ ನೋಡೋಕೆ ಪುರುಸೊತ್ತೆಲ್ಲಿ?