ಮೊದಲ ಸಾಲಿನ ಶೆಲ್ ಬೇರೆ, ಒಳಗಿನ ಶೆಲ್ ಬೇರೆ

ಸರ್ವರ್ ನೋಡಿಕೊಳ್ಳುವ ಇನ್‌ಫ್ರಾ ತಂಡಗಳ ರೆಪೊಗಳಲ್ಲಿ (ಕೋಡ್ ಭಂಡಾರಗಳಲ್ಲಿ) ಒಂದು ಬಗೆಯ ಸ್ಕ್ರಿಪ್ಟ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮೊದಲ ಸಾಲಿನಲ್ಲಿ #!/ಬಿನ್/ಎಸ್‌ಎಚ್, ಕೆಳಗೆ ಪೂರ್ತಿ ಬ್ಯಾಶ್. ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ ಶೆಲ್; ಯಾವ ಶೆಲ್ ಓಡಿಸಬೇಕೆಂದು ಹೇಳುವುದು ಆ ಮೊದಲ ಸಾಲು, ಬ್ಯಾಶ್ ಹೆಚ್ಚು ಸೌಕರ್ಯಗಳಿರುವ ಒಂದು ಶೆಲ್. ರೆಡ್‌ಹ್ಯಾಟ್, ರಾಕಿ, ಅಮೆಜಾನ್ ಲಿನಕ್ಸ್‌ಗಳಲ್ಲಿ ಎಸ್‌ಎಚ್ ಎಂಬ ಹೆಸರಿನ ಹಿಂದೆ ಇರುವುದು ಬ್ಯಾಶೇ, ಹಾಗಾಗಿ ಅಲ್ಲಿ ತಕರಾರಿಲ್ಲದೆ ಓಡುತ್ತದೆ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ, ಡೆಬಿಯನ್‌ನಲ್ಲಿ 2011ರ 6.0 ಆವೃತ್ತಿಯಿಂದ ಆ ಹೆಸರಿನ ಹಿಂದಿರುವುದು ಡ್ಯಾಶ್. ಆಲ್ಪೈನ್‌ನಲ್ಲಿ ಬಿಝಿಬಾಕ್ಸ್‌ನ ಆಶ್. ಮ್ಯಾಕ್‌ನಲ್ಲಿ ಮಾಮೂಲಾಗಿ 3.2ರ ಹಳೇ ಬ್ಯಾಶ್. ಹೆಸರು ಒಂದೇ, ನಡವಳಿಕೆ ನಾಲ್ಕು.

ಪಾಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಸಾಮಾನ್ಯ ಮಾನಕ) ಶೆಲ್ಲಿಗೆ ಅಂಟಿಕೊಳ್ಳಬೇಕೋ, ಬ್ಯಾಶ್‌ನ ಸೌಕರ್ಯಗಳನ್ನು ಬಳಸಬೇಕೋ ಎಂಬ ಚರ್ಚೆ ತಂಡಗಳಲ್ಲಿ ಸಾಮಾನ್ಯವಾಗಿ ಇಷ್ಟಾನಿಷ್ಟದ ಮಾತಾಗಿ ಮುಗಿಯುತ್ತದೆ. ನನ್ನ ಮಟ್ಟಿಗೆ ಇದನ್ನು ತೀರ್ಮಾನಿಸಬೇಕಾದ್ದು ಸ್ಕ್ರಿಪ್ಟ್ ಓಡುವ ಜಾಗ. ಎರಡರಲ್ಲಿ ಯಾವುದನ್ನು ಆರಿಸಿದರೂ ಬದುಕಬಹುದು. ಎರಡನ್ನೂ ಬೆರೆಸಿದ ಸ್ಕ್ರಿಪ್ಟ್ ಮಾತ್ರ ನಿಜಕ್ಕೂ ಅಪಾಯಕಾರಿ, ಏಕೆಂದರೆ ಅದು ಕೆಟ್ಟಾಗ ಸದ್ದು ಮಾಡುವುದಿಲ್ಲ.

&> ಗುರುತನ್ನೇ ನೋಡಿ. ಬ್ಯಾಶ್‌ನಲ್ಲಿ ಇದರ ಅರ್ಥ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದೇ ಫೈಲಿಗೆ ಕಳಿಸು ಎಂದು. ಡ್ಯಾಶ್ ಅದನ್ನು ಎರಡು ತುಂಡಾಗಿ ಓದುತ್ತದೆ: & ಎಂದರೆ ಕಮಾಂಡನ್ನು ಹಿನ್ನೆಲೆಗೆ ತಳ್ಳು, > ಎಂದರೆ ಫೈಲನ್ನು ಖಾಲಿ ಮಾಡಿ ತೆರೆ. ಎರಡೂ ಯಶಸ್ವಿ, ಫಲಿತ 0 (0 ಎಂದರೆ ಗೆಲುವು, ಬೇರೆ ಯಾವ ಅಂಕಿಯೂ ಸೋಲು). ಒಂದು ಟೂಲ್ ಇದೆಯೇ ಎಂದು ಪರೀಕ್ಷಿಸುವ ‘ಇಫ್’ ಸಾಲಿನಲ್ಲಿ &> /ಡೆವ್/ನಲ್ (ಬಂದದ್ದನ್ನೆಲ್ಲ ಎಸೆಯುವ ಫೈಲ್) ಎಂದು ಬರೆದಿದ್ದರೆ, ಡ್ಯಾಶ್‌ನಲ್ಲಿ ಉತ್ತರ ಯಾವಾಗಲೂ ‘ಇದೆ’. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪಾಸಿಕ್ಸ್ ರೂಪ > /ಡೆವ್/ನಲ್ 2>&1. ಟೈಪ್ ಮಾಡಲು ನಾಲ್ಕಾರು ಅಕ್ಷರ ಜಾಸ್ತಿ, ಅಷ್ಟೇ.

ಬ್ಯಾಶ್‌ನಲ್ಲಿ ಷರತ್ತು ಪರೀಕ್ಷಿಸುವ [[ ]] ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಡ್ಯಾಶ್‌ಗೆ [[ ಒಂದು ಅಪರಿಚಿತ ಕಮಾಂಡ್. ಸಿಗಲಿಲ್ಲ ಎಂದು ಒಂದು ಸಾಲು ಎರರ್ ಬರೆದು 127 ಹಿಂತಿರುಗಿಸುತ್ತದೆ. ಅದು ‘ಇಫ್’ ಒಳಗಿದ್ದರೆ 127 ಎಂದರೆ ‘ಸುಳ್ಳು’, ಹಾಗಾಗಿ ‘ಎಲ್ಸ್’ ಭಾಗ ಓಡುತ್ತದೆ. ಮೇಲೆ ‘ಸೆಟ್ -ಇ’ (ಕಮಾಂಡ್ ಸೋತರೆ ನಿಲ್ಲು) ಹಾಕಿದ್ದರೂ ನಿಲ್ಲುವುದಿಲ್ಲ, ಏಕೆಂದರೆ ‘ಇಫ್’ನ ಪರೀಕ್ಷೆ ಸೋತರೆ -ಇ ಅದನ್ನು ಸೋಲೆಂದು ಎಣಿಸುವುದೇ ಇಲ್ಲ. ಪರಿಸರ ಪ್ರೊಡಕ್ಷನ್ನೇ (ಬಳಕೆದಾರರು ಬಳಸುವ ನಿಜವಾದದ್ದೇ) ಎಂದು ಕೇಳುವ ಸಾಲು ಅದಾಗಿದ್ದರೆ ಮುಂದೇನಾಗುತ್ತದೆ ಎಂದು ಯೋಚಿಸಿ.

ಅರೇ (ಒಂದೇ ಹೆಸರಿನಡಿ ಹಲವು ಬೆಲೆಗಳ ಪಟ್ಟಿ) ಬರೆದಿದ್ದರೆ ಡ್ಯಾಶ್ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ, ಇದು ಒಳ್ಳೆಯದೇ ಎನಿಸಬಹುದು. ಆದರೆ ಶೆಲ್ ಫೈಲನ್ನು ಮೊದಲೇ ಪೂರ್ತಿ ಓದಿಕೊಳ್ಳುವುದಿಲ್ಲ, ಓದುತ್ತಾ ಓದುತ್ತಾ ಓಡಿಸುತ್ತದೆ. 80ನೇ ಸಾಲಿನಲ್ಲಿ ಅರೇ ಇದ್ದರೆ ಅಷ್ಟರಲ್ಲಿ 79 ಸಾಲು ಕೆಲಸ ಮಾಡಿ ಮುಗಿಸಿರುತ್ತವೆ: ಸರ್ವಿಸ್ ನಿಂತಿದೆ, ಹಳೇ ಫೈಲ್ ಅಳಿದಿದೆ, ಹೊಸದು ಬಂದಿಲ್ಲ.

ಆಲ್ಪೈನ್‌ನಲ್ಲಿ ಓಡಿತು, ಹಾಗಾದರೆ ಪಾಸಿಕ್ಸ್ ಸರಿಯಾಗಿದೆ ಎಂದು ನಂಬುವವರೂ ಇದ್ದಾರೆ. ನಂಬಬೇಡಿ. ಬಿಝಿಬಾಕ್ಸ್ ಆಶ್ ಸಾಮಾನ್ಯವಾಗಿ [[ ]], ‘ಸೋರ್ಸ್’, ‘ಪೈಪ್‌ಫೇಲ್’ ಎಂಬ ಬ್ಯಾಶ್ ಸೌಕರ್ಯಗಳನ್ನೆಲ್ಲ ಒಪ್ಪಿಕೊಳ್ಳುತ್ತದೆ, ಅರೇ ಒಪ್ಪುವುದಿಲ್ಲ. ಪರೀಕ್ಷೆಗೆ ಡ್ಯಾಶೇ ಸರಿಯಾದ ಒರೆಗಲ್ಲು.

ಹಾಗಂತ ಎಲ್ಲವನ್ನೂ ಪಾಸಿಕ್ಸ್‌ಗೆ ಇಳಿಸಿ ಎನ್ನುವುದೂ ತಪ್ಪು. ಡೇಟಾಬೇಸ್ ಬ್ಯಾಕಪ್ಪಿನ ಮಾಮೂಲಿ ಸಾಲು, ಡಂಪಿನ ಔಟ್‌ಪುಟ್ಟನ್ನು ಪೈಪ್ (|) ಮೂಲಕ ಕುಗ್ಗಿಸುವ ಜಿಝಿಪ್‌ಗೆ ಕೊಡುವುದು: ಪಿಜಿ_ಡಂಪ್ | ಜಿಝಿಪ್ > ಫೈಲ್. ಪಾಸ್‌ವರ್ಡ್ ತಪ್ಪಿ ಡಂಪ್ ಸೋತರೂ, ಪೈಪಿನ ಕೊನೆಯ ಜಿಝಿಪ್ ಖಾಲಿ ಇನ್‌ಪುಟ್ ತೆಗೆದುಕೊಂಡು 20 ಬೈಟಿನ ಫೈಲ್ ಬರೆದು 0 ಹಿಂತಿರುಗಿಸುತ್ತದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಎಲ್ಲವೂ ಸರಿ. ಬ್ಯಾಶ್‌ನಲ್ಲಿ ‘ಸೆಟ್ -ಒ ಪೈಪ್‌ಫೇಲ್’ ಎಂಬ ಒಂದೇ ಸಾಲು, ಪೈಪಿನ ಯಾವ ಕಮಾಂಡ್ ಸೋತರೂ ಇಡೀ ಪೈಪನ್ನೇ ಸೋಲೆಂದು ಎಣಿಸಿ, ಇದನ್ನು ಹಿಡಿಯುತ್ತದೆ. 2024ರ ಪಾಸಿಕ್ಸ್ ಆವೃತ್ತಿ ‘ಪೈಪ್‌ಫೇಲ್’ ಅನ್ನು ಮಾನಕಕ್ಕೆ ಸೇರಿಸಿತು. ಆದರೆ ಮಾನಕದಲ್ಲಿ ಬಂದದ್ದು ನಿಮ್ಮ ಸರ್ವರಿಗೆ ಬಂತು ಎಂದಲ್ಲ. ಉಬುಂಟು 24.04ರ ಡ್ಯಾಶ್ ‘ಪೈಪ್‌ಫೇಲ್’ ಕಂಡರೆ ಇಂಥ ಆಪ್ಷನ್ ಇಲ್ಲ ಎಂದು ಅಲ್ಲೇ ನಿಲ್ಲುತ್ತದೆ. ಅಲ್ಲಿ ಎಸ್‌ಎಚ್‌ನಲ್ಲೇ ಬರೆಯಬೇಕೆಂದರೆ ಪೈಪನ್ನೇ ಬಿಡಿ: ಮೊದಲು ಡಂಪನ್ನು ಫೈಲಿಗೆ ಬರೆಸಿ, ಫಲಿತ ನೋಡಿ, ಆಮೇಲೆ ಜಿಝಿಪ್ ಮಾಡಿ.

ಇನ್ನು ನಿಯಮ. ಬ್ಯಾಶ್ ಇದ್ದೇ ಇರುತ್ತದೆ ಎಂದು ಹೇಳಲಾಗದ ಜಾಗಕ್ಕೆ ಕಟ್ಟುನಿಟ್ಟಾದ ಎಸ್‌ಎಚ್: ಕಂಟೈನರಿನ ಎಂಟ್ರಿಪಾಯಿಂಟ್ (ಅದು ಶುರುವಾಗುವಾಗ ಓಡುವ ಸ್ಕ್ರಿಪ್ಟ್), ಕುಬರ್ನೆಟೀಸ್ ಪ್ರೋಬ್ (ಕಂಟೈನರ್ ಸರಿಯಿದೆಯೇ ಎಂಬ ಪರೀಕ್ಷೆ), ಪ್ಯಾಕೇಜ್ ಇನ್‌ಸ್ಟಾಲ್ ಆದ ಮೇಲೆ ಓಡುವ ಸ್ಕ್ರಿಪ್ಟ್, ಹೊಸ ಮಷಿನ್ನಿಗೆ ಮೊದಲು ಬ್ಯಾಶನ್ನೇ ಹಾಕುವ ಬೂಟ್‌ಸ್ಟ್ರ್ಯಾಪ್. ಇವು ಚಿಕ್ಕವಿರಬೇಕು. ತಂಡವೇ ಇಮೇಜ್ ಕಟ್ಟಿ, ತಂಡವೇ ಆವೃತ್ತಿ ನಿಗದಿ ಮಾಡುವ ಸರ್ವರ್ ಮತ್ತು ಸಿಐ ರನ್ನರ್‌ಗಳಿಗೆ (ಕೋಡ್ ಬದಲಾದಾಗ ಪರೀಕ್ಷೆ ಓಡಿಸುವ ಮಷಿನ್‌ಗಳಿಗೆ) ಬ್ಯಾಶ್, ಅದೂ ಬಾಯಿಬಿಟ್ಟು ಹೇಳಿದ ಕನಿಷ್ಠ ಆವೃತ್ತಿಯೊಂದಿಗೆ. ಗೂಗಲ್‌ನ ಶೆಲ್ ಶೈಲಿ ಕೈಪಿಡಿ ಬ್ಯಾಶ್ ಒಂದನ್ನೇ ಒಪ್ಪುತ್ತದೆ, 100 ಸಾಲು ದಾಟಿದರೆ ಬೇರೆ ಭಾಷೆಗೆ ಹೋಗಿ ಎನ್ನುತ್ತದೆ. ಆ 100 ಸಾಲಿನ ಮಾತು ಒಳ್ಳೆಯದು. ಬ್ಯಾಶ್ ಮಾತ್ರ ಎಂಬುದು ಆಲ್ಪೈನ್ ಬಳಸುವ ತಂಡಕ್ಕೆ ಹೊಂದುವುದಿಲ್ಲ.

ಶೆಲ್ ಯಾವುದು ಎಂದು ನೀವು ಬರೆಯದೆಯೇ ತೀರ್ಮಾನವಾಗುವ ಜಾಗಗಳು ಹಲವು, ಎಡವುವುದು ಹೆಚ್ಚಾಗಿ ಇಲ್ಲೇ. ಕ್ರಾನ್ ಕರೆಯುವುದು ಎಸ್‌ಎಚ್. ಡಾಕರ್‌ಫೈಲಿನ ‘ರನ್’ ಸಾಲೂ ಎಸ್‌ಎಚ್, ಬದಲಿಸಬೇಕೆಂದರೆ ಮೇಲೆ ‘ಶೆಲ್’ ಸೂಚನೆ ಕೊಡಬೇಕು. ಸರ್ವರ್ ಹೊಂದಿಸುವ ಟೂಲ್ ಆನ್ಸಿಬಲ್‌ನ ‘ಶೆಲ್’ ಮಾಡ್ಯೂಲ್ ಕೂಡ ಎಸ್‌ಎಚ್, ಬ್ಯಾಶ್ ಬೇಕಾದರೆ ‘ಎಕ್ಸಿಕ್ಯೂಟಬಲ್’ ಕೊಡಿ. ಗಿಟ್‌ಲ್ಯಾಬ್ ರನ್ನರ್ ಡಾಕರ್ ಇಮೇಜಿನಲ್ಲಿ ಬ್ಯಾಶ್ ಇದ್ದರೆ ಅದನ್ನು, ಇಲ್ಲದಿದ್ದರೆ ಎಸ್‌ಎಚ್ ಹಿಡಿಯುತ್ತದೆ. ಅಂದರೆ ಇಮೇಜ್ ಬದಲಿಸಿದ ದಿನ ಸ್ಕ್ರಿಪ್ಟಿನ ಭಾಷೆಯೂ ಬದಲಾಗುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನ ಲಿನಕ್ಸ್, ಮ್ಯಾಕ್ ರನ್ನರ್‌ಗಳಲ್ಲಿ ಏನೂ ಹೇಳದಿದ್ದರೆ ಬ್ಯಾಶ್ -ಇ ಜೊತೆ ಮಾತ್ರ ಓಡುತ್ತದೆ. ‘ಶೆಲ್: ಬ್ಯಾಶ್’ ಎಂದು ಬರೆದರೆ ಮಾತ್ರ ‘ಪೈಪ್‌ಫೇಲ್’ ಸೇರುತ್ತದೆ. ಆ ಎರಡು ಪದ ಬರೆದೇ ಬಿಡಿ. ಇನ್ನು ಕೈಯಾರೆ ‘ಎಸ್‌ಎಚ್ ಡಿಪ್ಲಾಯ್.ಎಸ್‌ಎಚ್’ ಎಂದು ಓಡಿಸಿದರೆ ಮೊದಲ ಸಾಲಿಗೆ ಬೆಲೆಯೇ ಇಲ್ಲ, ಅದು ಬರೀ ಕಾಮೆಂಟ್.

ಎಸ್‌ಎಚ್ ಬರೆಯುವಾಗ ನಾಲ್ಕು ಕೈಚಳಕ ಸಾಕು. ಅರೇ ಬದಲಿಗೆ ‘ಸೆಟ್ --’ ಹೇಳಿ "$@" ಬಳಸಿ, ಒಂದು ಫಂಕ್ಷನ್ನಿಗೆ ಒಂದು ಪಟ್ಟಿ ದಕ್ಕುತ್ತದೆ. ‘ಎಕೋ’ ಬಿಟ್ಟು ‘ಪ್ರಿಂಟ್‌ಎಫ್’ ಹಿಡಿಯಿರಿ, ಡ್ಯಾಶ್‌ನಲ್ಲಿ ‘ಎಕೋ -ಇ’ ಎಂದರೆ -ಇ ಎಂಬುದೂ ಹಾಗೇ ಅಚ್ಚಾಗುತ್ತದೆ. ‘ಲೋಕಲ್’ ಪಾಸಿಕ್ಸ್‌ನಲ್ಲಿಲ್ಲ, ಆದರೂ ಡೆಬಿಯನ್ ನೀತಿ ಅದನ್ನು ಒಪ್ಪುತ್ತದೆ, ಡ್ಯಾಶ್, ಆಶ್, ಬ್ಯಾಶ್ ಮೂರರಲ್ಲೂ ಇದೆ, ಧೈರ್ಯವಾಗಿ ಬಳಸಿ. ಆದರೆ ಘೋಷಣೆ ಒಂದು ಸಾಲು, $( ) ಇಂದ ಬೆಲೆ ತುಂಬುವುದು ಇನ್ನೊಂದು ಸಾಲು ಇರಲಿ, ಇಲ್ಲದಿದ್ದರೆ ಒಳಗಿನ ಕಮಾಂಡಿನ ಸೋಲನ್ನು ‘ಲೋಕಲ್’ ನುಂಗುತ್ತದೆ. ಬ್ಯಾಶ್‌ನಲ್ಲೂ ಇದೇ ಕಥೆ. ಕೊನೆಯದಾಗಿ ‘ಟ್ರ್ಯಾಪ್’ (ಸಿಗ್ನಲ್ ಬಂದಾಗ ಅಥವಾ ಮುಗಿಯುವಾಗ ಓಡಬೇಕಾದ ಕೆಲಸ): ಟರ್ಮ್ ಸಿಗ್ನಲ್ ಬಂದು ಸಾಯುವಾಗ ಬ್ಯಾಶ್ ‘ಎಕ್ಸಿಟ್’ ಟ್ರ್ಯಾಪ್ ಓಡಿಸುತ್ತದೆ, ಡ್ಯಾಶ್ ಓಡಿಸುವುದಿಲ್ಲ. ಟರ್ಮ್‌ಗೆ ‘ಎಕ್ಸಿಟ್ 143’, ಇಂಟ್‌ಗೆ (ಕಂಟ್ರೋಲ್-ಸಿ ಒತ್ತಿದಾಗಿನ ಸಿಗ್ನಲ್) ‘ಎಕ್ಸಿಟ್ 130’ ಎಂದು ಬೇರೆ ಟ್ರ್ಯಾಪ್ ಹಾಕಿದರೆ ತಾತ್ಕಾಲಿಕ ಫೈಲುಗಳು ಉಳಿದುಹೋಗುವುದಿಲ್ಲ.

ಬ್ಯಾಶ್ ಎಂದರೂ ಆವೃತ್ತಿ ಹೇಳದೆ ಆಗದು. ಜಿಪಿಎಲ್ 3 ಪರವಾನಗಿಗೆ ಹೋದ ಬ್ಯಾಶನ್ನು ಆಪಲ್ ತೆಗೆದುಕೊಳ್ಳಲಿಲ್ಲ, ಹಾಗಾಗಿ ಮ್ಯಾಕ್‌ನಲ್ಲಿ 3.2ಕ್ಕೇ ನಿಂತಿದೆ. ಅಸೋಸಿಯೇಟಿವ್ ಅರೇ (ಹೆಸರಿನಿಂದ ಬೆಲೆ ಹುಡುಕುವ ಪಟ್ಟಿ), ಸಾಲುಗಳನ್ನು ಅರೇಗೆ ತುಂಬುವ ‘ಮ್ಯಾಪ್‌ಫೈಲ್’ ಬಂದದ್ದು 2009ರ 4.0ರಲ್ಲಿ. 4.4ಕ್ಕಿಂತ ಹಿಂದೆ ‘ಸೆಟ್ -ಯು’ (ಬೆಲೆ ಇಲ್ಲದ ಹೆಸರು ಕಂಡರೆ ನಿಲ್ಲು) ಇದ್ದಾಗ ಖಾಲಿ ಅರೇ ಬಿಡಿಸಿದರೆ ಸ್ಕ್ರಿಪ್ಟ್ ಸತ್ತುಹೋಗುತ್ತದೆ. ಸೆಂಟ್‌ಒಎಸ್ 7ರಲ್ಲಿರುವುದು 4.2, ಈಗಲೂ ಅದನ್ನು ಓಡಿಸುವವರು ಇದನ್ನು ನೆನಪಿಡಿ. ಮಿಕ್ಕವರು 4.4 ಅನ್ನೇ ಕನಿಷ್ಠ ಎಂದು ಇಟ್ಟುಕೊಳ್ಳಬಹುದು. ಫ್ರೀಬಿಎಸ್‌ಡಿಯಲ್ಲಿ ಬ್ಯಾಶ್ /ಬಿನ್ ಒಳಗಿಲ್ಲ, ಆದ್ದರಿಂದ ಮೊದಲ ಸಾಲು #!/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್ ಇರಲಿ. ಆವೃತ್ತಿ ಪರೀಕ್ಷಿಸುವ ಸಾಲುಗಳು ಸ್ಕ್ರಿಪ್ಟಿನ ತಲೆಯಲ್ಲೇ ಇರಬೇಕು. ಅದರಲ್ಲೂ ‘ಇದು ಬ್ಯಾಶೇ?’ ಎಂದು ಕೇಳುವ ಸಾಲು ಪಾಸಿಕ್ಸ್ ರೂಪದಲ್ಲೇ ಇರಲಿ, ಇಲ್ಲದಿದ್ದರೆ ಕಾವಲುಗಾರನೇ ಮೊದಲು ಬೀಳುತ್ತಾನೆ.

ಹಳೇ ರೆಪೊ ಸರಿಪಡಿಸುವವರು ಸ್ಕ್ರಿಪ್ಟ್ ತಿದ್ದುವುದರಿಂದ ಶುರು ಮಾಡಬೇಡಿ. ಮೊದಲು ಎಸ್‌ಎಚ್ ಎಂದಿರುವ ಎಲ್ಲ ಫೈಲುಗಳ ಮೇಲೆ, ಸ್ಕ್ರಿಪ್ಟಿನ ತಪ್ಪು ಹುಡುಕುವ ಟೂಲ್ ಶೆಲ್‌ಚೆಕ್ ಓಡಿಸಿ. ಅದು ಮೊದಲ ಸಾಲನ್ನು ನೋಡಿಯೇ ಭಾಷೆ ತೀರ್ಮಾನಿಸುತ್ತದೆ, ಎಸ್‌ಸಿ3010ರಂತೆ 3ರಿಂದ ಶುರುವಾಗುವ ನಾಲ್ಕಂಕಿಯ ಸಂಕೇತ ಬಂದರೆ ಒಳಗೆ ಬ್ಯಾಶ್ ಬೆರೆತಿದೆ ಎಂದರ್ಥ. ಅಂಥ ಫೈಲ್ ಬ್ಯಾಶ್ ಇರುವ ಜಾಗದಲ್ಲೇ ಓಡುವುದಾದರೆ ಮೊದಲ ಸಾಲು ಬದಲಿಸಿ, ಕರೆಯುವ ಕಡೆ ‘ಎಸ್‌ಎಚ್’ ಇದ್ದರೆ ಅದನ್ನೂ ತೆಗೆಯಿರಿ, ಕೆಲಸ ಮುಗಿಯಿತು. ಬ್ಯಾಶ್ ಇಲ್ಲದ ಜಾಗದ್ದನ್ನು ಮಾತ್ರ ಕೂತು ತಿದ್ದಿ. ಆಮೇಲೆ ಸಿಐನಲ್ಲಿ ಶೆಲ್‌ಚೆಕ್ ಕಡ್ಡಾಯ ಮಾಡಿ, ಎಸ್‌ಎಚ್ ಫೈಲುಗಳನ್ನು ಡ್ಯಾಶ್ ಮತ್ತು ಬಿಝಿಬಾಕ್ಸ್ ಎರಡರಲ್ಲೂ ನಿಜವಾಗಿ ಓಡಿಸಿ.

ಇಷ್ಟಾದರೂ ಶೆಲ್ ಕರೆಯುವ ಟೂಲುಗಳು ಉಳಿಯುತ್ತವೆ, ಅವನ್ನು ಶೆಲ್‌ಚೆಕ್ ಬಹುಪಾಲು ಹಿಡಿಯುವುದಿಲ್ಲ. ಫೈಲನ್ನು ಇದ್ದಲ್ಲೇ ತಿದ್ದುವ ‘ಸೆಡ್ -ಐ’ ಗ್ನೂ ಲಿನಕ್ಸ್‌ನಲ್ಲಿ ಒಂದು ಬಗೆ, ಮ್ಯಾಕ್‌ನಲ್ಲಿ ಮುಂದಿನ ಪದವನ್ನು ಬ್ಯಾಕಪ್ಪಿನ ಬಾಲವೆಂದು ನುಂಗುವ ಇನ್ನೊಂದು ಬಗೆ. ತಾತ್ಕಾಲಿಕ ಫೈಲಿಗೆ ಬರೆದು ‘ಎಂವಿ’ (ಹಳೆಯದರ ಜಾಗಕ್ಕೆ ಸರಿಸು) ಮಾಡುವುದು ಎಲ್ಲೆಡೆ ನಡೆಯುತ್ತದೆ, ಹೊಸ ಫೈಲಿನ ಪರ್ಮಿಷನ್ ಮಾತ್ರ ಒಮ್ಮೆ ನೋಡಿಕೊಳ್ಳಿ.